ಸೈಬರ್ ಸೆಂಟರ್ ಬಾಗಿಲು ಹಾಕಿದ ಮೇಲೆ ಹುಡುಗರ ಆಟ ಎಲ್ಲಿಗೆ ಹೋಯಿತು?

ಕೆಟಿಜೆ ನಗರದ ಸೈಬರ್ ಅಣ್ಣ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಸಂಬಂಧಿಕರ ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರೊಬ್ಬರು ನನ್ನ ಮುಖ ನೋಡಿ, "ನೀವು ಸೈಬರ್‌ನವರಲ್ವೇ? ನಮ್ಮ ಏರಿಯಾ ಹುಡುಗರೆಲ್ಲ ಹಾಳಾಗಿದ್ದು ನಿಮ್ಮಲ್ಲೇ" ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ ಅನ್ನುವ ಹಾಗೆ ಅಂದರು. ಎಲೆ ಮೇಲೆ ಕಲಸಿದ ಅನ್ನ ಬಿಟ್ಟು ಎದ್ದೆ. ಅವರಿಗೆ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

2004ರಲ್ಲಿ ದಾವಣಗೆರೆಯ ಕೆಟಿಜೆ ನಗರದಲ್ಲಿ ಎಂಟು ಕಂಪ್ಯೂಟರ್ ಇಟ್ಟು ಸೈಬರ್ ಶುರು ಮಾಡಿದೆ. ಗಂಟೆಗೆ 20 ರೂಪಾಯಿ. ಬೆಳಿಗ್ಗೆ ರಿಸಲ್ಟ್, ರೈಲ್ವೆ ಟಿಕೆಟ್, ಕೆಲಸದ ಅರ್ಜಿ. ಸಂಜೆ ನಾಲ್ಕೂವರೆಯಾದರೆ ಹುಡುಗರು. ಎಂಟನ್ನೂ ಲ್ಯಾನ್ ವೈರಿನಲ್ಲಿ ಒಂದಕ್ಕೊಂದು ಜೋಡಿಸಿದ್ದೆ. ನಾಲ್ವರು ಆ ಕಡೆ, ನಾಲ್ವರು ಈ ಕಡೆ, ಕೌಂಟರ್ ಸ್ಟ್ರೈಕ್. ರೇಸ್ ಬೇಕಾದವನಿಗೆ ಎನ್‌ಎಫ್‌ಎಸ್. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ಎಳೆಯುತ್ತಿತ್ತು. ಆ ಹತ್ತು ನಿಮಿಷದಲ್ಲಿ ಅವರು ಹಾಕುತ್ತಿದ್ದ ಕೂಗು ಬೀದಿ ಕೊನೆಗೆ ಕೇಳುತ್ತಿತ್ತು. ಗುಂಡು ಹೊಡೆಯುವ ಆಟ ಹೌದು. ಸೋತವನು ಗೆದ್ದವನ ಬೆನ್ನಿಗೆ ಗುದ್ದಿ, ಇಬ್ಬರೂ ಸೇರಿ ಮಂಡಕ್ಕಿ ಮಿರ್ಚಿ ತಿನ್ನಲು ಹೋಗುತ್ತಿದ್ದರು.

ನಾನು ಬಾಗಿಲ ಪಕ್ಕದ ಮೇಜಿನಲ್ಲಿ ಕೂತಿರುತ್ತಿದ್ದೆ. ಒಂದು ದಿನ ಏಳನೇ ಕ್ಲಾಸಿನ ಹುಡುಗನೊಬ್ಬ ಐನೂರರ ನೋಟು ಕೊಟ್ಟು "ರಾತ್ರಿವರೆಗೂ ಹಾಕಿ" ಅಂದ. ನೋಟು ನನ್ನ ಹತ್ತಿರ ಇಟ್ಟುಕೊಂಡು, ಚೌಕಿಪೇಟೆಯಲ್ಲಿ ಅಂಗಡಿ ಇದ್ದ ಅವರಪ್ಪನಿಗೆ ಫೋನ್ ಮಾಡಿದೆ. ಗಲ್ಲಾದಿಂದ ಎತ್ತಿದ್ದ ದುಡ್ಡು. ನನ್ನದೇನೂ ದೊಡ್ಡತನ ಅಲ್ಲ, ನೋಟು ಕಣ್ಣಿಗೆ ಬಿತ್ತು ಅಷ್ಟೇ. ಇಪ್ಪತ್ತು ರೂಪಾಯಿ ಮುಗಿದರೆ ಆಟವೂ ಮುಗಿಯುತ್ತಿತ್ತು, ಕುರ್ಚಿಗಾಗಿ ಹಿಂದೆ ಇನ್ನೊಬ್ಬ ನಿಂತಿರುತ್ತಿದ್ದ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಮರುವರ್ಷ ದೀಪಾವಳಿಗೆ ಸೈಬರ್ ಮುಚ್ಚಿದೆ. ಈಗ ಅದೇ ಮಳಿಗೆಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ.

ಇನ್ನು ನನ್ನ ತಮ್ಮನ ವಿಷಯ. ಎಪಿಎಂಸಿಯಲ್ಲಿ ಒಬ್ಬ ದಲ್ಲಾಳಿಯ ಹತ್ತಿರ ಲೆಕ್ಕ ಬರೆಯುತ್ತಿದ್ದ. ಮೆಕ್ಕೆಜೋಳದ ಸೀಜನ್ನಿನಲ್ಲಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವವನು. ನನ್ನ ಸೈಬರ್‌ನಲ್ಲಿ ಒಂದು ದಿನ ಆಡಿದವನಲ್ಲ, ಗೇಮ್ ಅಂದರೆ ಮಕ್ಕಳ ಕೆಲಸ ಅನ್ನುತ್ತಿದ್ದ. 2020ರಲ್ಲಿ, ಮನೆಯಲ್ಲೇ ಕೂತಿದ್ದ ದಿನಗಳಲ್ಲಿ, ಫೋನಿನ ಆಪ್ ಒಂದರಲ್ಲಿ 49 ರೂಪಾಯಿ ಕಟ್ಟಿ ಕ್ರಿಕೆಟ್ ಟೀಮ್ ಮಾಡಿದ. ಆಮೇಲೆ ರಮ್ಮಿ. ಮೂರು ವರ್ಷ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದಾಗ ಆರು ಲಕ್ಷ ನಲವತ್ತು ಸಾವಿರ ಹೋಗಿತ್ತು. ಸೊಸೈಟಿ ಸಾಲ, ಹೆಂಡತಿಯ ಬಳೆ, ಫೋನಿನಲ್ಲೇ ಸಿಗುವ ಸಾಲದ ಆಪ್ ಮೂರು. ಆ ಸಾಲದವರು ಅವನ ಫೋನಿನಲ್ಲಿದ್ದ ನಂಬರಿಗೆಲ್ಲ ಕರೆ ಮಾಡಿ ಮರ್ಯಾದೆ ತೆಗೆದರು. ಅಪ್ಪಾಜಿ ಕೊಂಡಿದ್ದ ಸೈಟು ಮಾರಿದೆವು. ತಮ್ಮ ನಮಗೆ ಉಳಿದ, ಅಷ್ಟು ಸಾಕು.

ಆ ಎಂಟು ಕುರ್ಚಿಯ ಹುಡುಗರಲ್ಲಿ ಈಗಲೂ ನನ್ನ ಸಂಪರ್ಕದಲ್ಲಿರುವವರು ಹನ್ನೆರಡು ಹದಿಮೂರು ಜನ. ಒಬ್ಬ ಆಂಬುಲೆನ್ಸ್ ಓಡಿಸುತ್ತಾನೆ, ಇಬ್ಬರು ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದಾರೆ, ಒಬ್ಬ ಮೇಷ್ಟ್ರು. ಊರು ಬೈದದ್ದು ಇವರನ್ನು. ಮನೆ ಮುರಿದದ್ದು ಗೇಮ್ ಮುಟ್ಟದ ನನ್ನ ತಮ್ಮ.

ಎರಡನ್ನೂ "ಗೇಮ್" ಎಂಬ ಒಂದೇ ಹೆಸರಿನಲ್ಲಿ ಕರೆದು ನಾವು ಮೋಸ ಹೋದೆವು ಅನ್ನುವುದು ನನ್ನ ಮಾತು. ನಮ್ಮ ಭಾಷೆಯಲ್ಲಿ ಆಟಕ್ಕೆ ಒಂದು ಪದ, ಜೂಜಿಗೆ ಒಂದು ಪದ ಇದೆ. ಓಸಿ, ಅಂದರೆ ಮಟ್ಕಾ ಚೀಟಿ, ಬರೆಯುವವನು ಟೀ ಅಂಗಡಿ ಹಿಂದೆ ನಿಂತು ಬರೆಯುತ್ತಿದ್ದ, ಜೀಪು ಕಂಡರೆ ಚೀಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹಾಗಾಗಿ ಅದು ಏನೆಂದು ಎಂಟು ವರ್ಷದ ಹುಡುಗನಿಗೂ ಗೊತ್ತಿತ್ತು. ರಮ್ಮಿ ಟಿವಿಯಲ್ಲಿ, ಮ್ಯಾಚಿನ ಓವರುಗಳ ನಡುವೆ, ದೊಡ್ಡ ದೊಡ್ಡವರ ಬಾಯಲ್ಲಿ ಬಂತು. ನಿಮ್ಮ ಅನುಭವ ಏನು ಹೇಳಿ.

ಗರಡಿ ಮನೆ

ಅಣ್ಣಾರೆ, ತಮ್ಮನ ಸುದ್ದಿ ಓದಿ ಸಂಕಟ ಆತು. ಆದ್ರೆ ನೀವು ಎಳೆದ ಗೆರೆ ನಾನು ಒಪ್ಪಂಗಿಲ್ಲ. ರೊಕ್ಕ ಹೋದ್ರೆ ಮಾತ್ರ ಹೋದಂಗಾ? ಹೊತ್ತು ಹೋತು, ಮೈ ಹೋತು, ನಿದ್ದಿ ಹೋತು, ಅದಕ್ಕೆ ಲೆಕ್ಕ ಬ್ಯಾಡ್ವಾ? ನಮ್ಮ ಗರಡಿಗೆ ಮೂವತ್ತು ಹುಡುಗರು ಬರೋರು. ಈಗ ಏಳು ಮಂದಿ. ಉಳಿದೋರು ಎದುರಿಗಿನ ಕಟ್ಟೆ ಮ್ಯಾಲೆ ಕುತ್ತಿಗೆ ಬಗ್ಗಿಸ್ಕೊಂಡು ಕುಂತಿರ್ತಾರ. ಹದಿನೇಳು ವರ್ಷದ ಹುಡುಗ ಇಪ್ಪತ್ತು ಬಸ್ಕಿ ಹೊಡೆಯಾಕ ಏದುಸಿರು ಬಿಡ್ತಾನ. ದುಗ್ಗಮ್ಮನ ಜಾತ್ರಿ ಕುಸ್ತಿಗೆ ನಮ್ಮೂರ ಹುಡುಗರ ಹೆಸರು ಬರೆಸೋದೇ ಕಷ್ಟ ಆಗೈತಿ. ಇದು ರಮ್ಮಿ ಆಡಿ ಆಗಿದ್ದಲ್ಲ.

ಭಟ್ಟಿ ಹುಡುಗ

ಗರಡಿ ಅಣ್ಣ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ಹಿಂದೆ ಎಲ್ಲ ಹುಡುಗರೂ ಮೈದಾನದಲ್ಲಿ ಇದ್ದರು ಅನ್ನೋ ಮಾತು ನಮ್ಮ ಕಡೆ ಸುಳ್ಳು. ನಾನು ಮಂಡಕ್ಕಿ ಭಟ್ಟಿಯಲ್ಲಿ ಬೆಳೆದವನು. ಭತ್ತ ನೆನೆಸೋದು, ಒಣಗಿಸೋದು, ಬಿಸಿ ಮರಳಲ್ಲಿ ಹುರಿಯೋದು. ಅಪ್ಪನ ಜೊತೆ ಬೆಳಗಿನ ಜಾವ ನಾಲ್ಕಕ್ಕೆ ಹೋಗ್ತಿದ್ದೆ, ಹೊಗೆಯಲ್ಲಿ ಕಣ್ಣು ಉರೀತಿತ್ತು. ಆಟ ಅಂದ್ರೆ ಚೀಲದ ಮೇಲೆ ಮಲಗೋದು. ಹದಿನಾರಕ್ಕೆ ಸೆಕೆಂಡ್ ಹ್ಯಾಂಡ್ ಫೋನ್ ಸಿಕ್ಕಿತು. ಅದರಲ್ಲಿ ಆಡಿದ ಮೊದಲ ಗೇಮಿನಲ್ಲಿ ನನ್ನ ಜೊತೆ ಇದ್ದ ಮೂರು ಜನಕ್ಕೆ ನಾನು ಭಟ್ಟಿಯವನು ಅಂತ ಗೊತ್ತಿರಲಿಲ್ಲ. "ಬ್ರೋ, ನೀನು ಮುಂದೆ ಹೋಗು, ನಾವು ಕವರ್ ಕೊಡ್ತೀವಿ" ಅಂದರು. ಆ ಮಾತು ಇನ್ನೂ ನೆನಪಿದೆ. ಫೋನಿನಿಂದ ಮೈದಾನ ಕಳೆದುಕೊಂಡವರು ಇರಬಹುದು, ನನಗೆ ಕಳೆದುಕೊಳ್ಳೋಕೆ ಮೈದಾನವೇ ಇರಲಿಲ್ಲ.

ನಿಟ್ಟುವಳ್ಳಿ ಅಕ್ಕ

ಇಷ್ಟು ಹೊತ್ತಿನ ಮಾತಿನಲ್ಲಿ ಹುಡುಗರು, ಹುಡುಗರು, ಹುಡುಗರು. ಸೈಬರ್ ಅಣ್ಣಾ, ನಿಮ್ಮ ಎಂಟು ಕುರ್ಚಿಯಲ್ಲಿ ಒಂದು ಹುಡುಗಿ ಕೂತದ್ದು ನೆನಪಿದೆಯಾ? ನಾನು ಪಿಯುಸಿ ಅರ್ಜಿ ತುಂಬಲು ಅಂಥದೇ ಒಂದು ಸೈಬರ್‌ಗೆ ಹೋದಾಗ ಜೊತೆಗೆ ಅಣ್ಣ ಬಂದು ಹಿಂದೆ ನಿಂತಿದ್ದ. ಗರಡಿಗೂ ನಮಗೂ ಸಂಬಂಧವೇ ಇರಲಿಲ್ಲ. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಮ್ಯಾಚ್ ನಡೆದರೆ ನಾವು ರಸ್ತೆಯಿಂದ ಲೈಟು ನೋಡುತ್ತಿದ್ದೆವು. ನನಗೆ ಆಟ ಅನ್ನುವುದು ಸಿಕ್ಕಿದ್ದು ಮೂವತ್ತೊಂದನೇ ವಯಸ್ಸಿಗೆ, ಮಗು ಮಲಗಿದ ಮೇಲೆ, ಫೋನಿನ ಲೂಡೋದಲ್ಲಿ. ಧಾರವಾಡದ ತಂಗಿ, ಮೈಸೂರಿನ ಚಿಕ್ಕಮ್ಮ, ನಾನು. ಅದನ್ನು ಯಾರಾದರೂ "ಚಟ" ಅಂದರೆ ನನಗೆ ನೋವಾಗುತ್ತದೆ.

ಹಾಗಂತ ಅಲ್ಲಿ ಎಲ್ಲ ಚೆನ್ನಾಗಿದೆ ಅನ್ನುವುದಿಲ್ಲ. ನನ್ನ ಅಕ್ಕನ ಮಗಳು ಶೂಟಿಂಗ್ ಗೇಮ್ ಆಡುತ್ತಾಳೆ, ಬಹಳ ಚೆನ್ನಾಗಿ ಆಡುತ್ತಾಳೆ. ಮೈಕ್ ಆನ್ ಮಾಡಿ ದನಿ ಕೇಳಿಸಿದ ಕೂಡಲೇ ಗೊತ್ತಿಲ್ಲದವರು ಶುರು ಮಾಡುತ್ತಾರೆ, ಇಲ್ಲಿ ಬರೆಯಲಾಗದ ಮಾತು. ಈಗ ಅವಳು ಮೈಕ್ ಮುಚ್ಚಿ, ಹುಡುಗನ ಹೆಸರಿಟ್ಟುಕೊಂಡು ಆಡುತ್ತಾಳೆ. ಸೈಬರ್‌ನಲ್ಲಿ ಯಾರಾದರೂ ಹಾಗೆ ಮಾತಾಡಿದ್ದರೆ ನೀವು ಕುತ್ತಿಗೆ ಹಿಡಿದು ಆಚೆ ತಳ್ಳುತ್ತಿದ್ದಿರಿ. ಇಲ್ಲಿ ತಳ್ಳುವವರು ಯಾರು?

ಕೆಟಿಜೆ ನಗರದ ಸೈಬರ್ ಅಣ್ಣ

ಅಕ್ಕಾ, ನೆನಪಿಲ್ಲ. ಆಡಲು ಒಬ್ಬಳೂ ಬಂದಿರಲಿಲ್ಲ. ಅದನ್ನು ನಾನು ಆವತ್ತು ಗಮನಿಸಿಯೂ ಇರಲಿಲ್ಲ.

ಲಾ ಓದಿದವಳು

ಕಾನೂನಿನ ಕಡೆಯಿಂದ ಒಂದಿಷ್ಟು. ನಾನು ದಾವಣಗೆರೆ ಕೋರ್ಟಿನಲ್ಲಿ ಜೂನಿಯರ್.

ರಮ್ಮಿ ಟಿವಿಗೆ ಬರಲು ಧೈರ್ಯ ಬಂದದ್ದು ಎಲ್ಲಿಂದ ಅಂದರೆ ಒಂದು ಹಳೆಯ ತೀರ್ಪಿನಿಂದ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಕೌಶಲ್ಯವೇ ಮುಖ್ಯ, ಮೂರೆಲೆ ಆಟದ ಹಾಗೆ ಬರೀ ಅದೃಷ್ಟ ಅಲ್ಲ ಎಂದಿತು. ಅದು ಮೇಜಿನ ಸುತ್ತ ಕೂತು ಆಡುತ್ತಿದ್ದ ಒಂದು ಕ್ಲಬ್ಬಿನ ಪ್ರಕರಣ. ಅರ್ಧ ಶತಮಾನದ ನಂತರ ಆಪ್‌ಗಳು ಅದೇ ಮಾತನ್ನು ಹಿಡಿದು ನಿಂತವು. ರಾತ್ರಿ ಎರಡಕ್ಕೆ, ಮುಖ ಕಾಣದವರ ಜೊತೆ, ಒಂದು ಬೆರಳಿನಲ್ಲಿ ದುಡ್ಡು ಕಟ್ಟುವ ಆಟಕ್ಕೆ.

ನಮ್ಮ ರಾಜ್ಯ ಸುಮ್ಮನಿರಲಿಲ್ಲ. ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. ಕೌಶಲ್ಯದ ಆಟವನ್ನು ಹೀಗೆ ಸಾರಾಸಗಟಾಗಿ ನಿಷೇಧಿಸಲಾಗದು ಎಂದು ಹೈಕೋರ್ಟು 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯ ಮುಖ್ಯ ಸೆಕ್ಷನ್‌ಗಳನ್ನು ರದ್ದು ಮಾಡಿತು. ಅಣ್ಣ, ನಿಮ್ಮ ಮಾತಿಗೆ ಇಲ್ಲೊಂದು ಸಾಕ್ಷಿ ಇದೆ. ಭದ್ರತೆಯ ಕಾರಣಕ್ಕೆ ಕೇಂದ್ರ ಸರ್ಕಾರ 54 ಆಪ್‌ಗಳನ್ನು ನಿಷೇಧಿಸಿದ ಸುದ್ದಿ ಬಂದದ್ದೂ ಅದೇ ಫೆಬ್ರವರಿ 14ಕ್ಕೆ. ಅದರಲ್ಲಿ ಫ್ರೀ ಫೈರ್ ಇತ್ತು. ಹುಡುಗರ ಆಟ ಹೋದ ದಿನವೇ ದೊಡ್ಡವರ ರಮ್ಮಿಗೆ ರಾಜ್ಯದಲ್ಲಿ ಬಾಗಿಲು ತೆರೆಯಿತು. ನಿಮ್ಮ ತಮ್ಮನ ಮೂರು ವರ್ಷ ಇದರ ಆಚೆ ಈಚೆಗೇ ಬರುತ್ತವೆ.

ಈಗಿನದು ಕೇಂದ್ರದ ಕಾಯ್ದೆ. 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಕೌಶಲ್ಯವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಅದು ತೆಗೆದುಹಾಕಿದೆ. ಗೆದ್ದರೆ ಹಣ ಬರುತ್ತದೆಂದು ಹಣ ಕಟ್ಟಿಸಿಕೊಂಡರೆ ಅದು ನಿಷಿದ್ಧ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷದವರೆಗೆ. ಆಡಿದವನಿಗೆ ಶಿಕ್ಷೆ ಇಲ್ಲ, ಅವನು ನೊಂದವನು ಎಂಬ ಲೆಕ್ಕ. ಸ್ಪರ್ಧೆಯಾಗಿ ಆಡುವ ಇ-ಸ್ಪೋರ್ಟ್ಸ್‌ಗೆ ಬೇರೆ ಜಾಗ, ಮನೋರಂಜನೆಯ ಆಟಕ್ಕೆ ಬೇರೆ ಜಾಗ. ಅಂದರೆ ನೀವು ಹೇಳುವ ಆಟ ಮತ್ತು ಜೂಜಿನ ಗೆರೆಯನ್ನು ಪಾರ್ಲಿಮೆಂಟೂ ಎಳೆದಿದೆ. ಇದನ್ನೂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ನಾನಂತೂ ಈ ಕಾಯ್ದೆಯ ಪರ. ವ್ಯಾಪಾರದ ಹಕ್ಕು ದೊಡ್ಡದು ನಿಜ, ಆದರೆ ಬಳೆ ಅಡವಿಟ್ಟ ಹೆಣ್ಣುಮಕ್ಕಳು ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತದ್ದನ್ನು ನಾನು ನೋಡಿದ್ದೇನೆ.

ಹರಿಹರದ ತಾಯಿ (ಸೋಮವಾರ ರಾತ್ರಿ)

ನಾನು ಇಲ್ಲಿ ಬರೆಯೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕಳ್ರಿ. ನನ್ನ ಮಗ ಒಂಬತ್ತನೇ ಕ್ಲಾಸು. ಅವರಪ್ಪ ಲಾರಿ ಓಡಸ್ತಾರೆ, ತಿಂಗಳಿಗೆ ಎಂಟು ಹತ್ತು ದಿನ ಮನೇಲಿರ್ತಾರೆ. ನಾನು ಬ್ಲೌಸ್ ಹೊಲಿತೀನಿ. ನನ್ನ ಗಿರಾಕಿಗಳು ಫೋನಿಗೇ ದುಡ್ಡು ಹಾಕ್ತಾರೆ. ಮೊನ್ನೆ ಬ್ಯಾಂಕಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ರೆ 79, 159, 399, ಮತ್ತೆ 79, ಹಿಂಗೆ ಸಾಲಾಗಿ ಹೋಗೈತಿ. ಅರ್ಧದಷ್ಟು ರಾತ್ರಿ ಹೊತ್ತು. ಫೋನಿಗೆ ಪಿನ್ ಹಾಕಿ ನನಗೆ ಕಲಿಸಿಕೊಟ್ಟೋನೇ ಅವನು. ಮಗನ್ನ ಕೇಳಿಲ್ಲ ಇನ್ನೂ. ಕೇಳಿದ್ರೆ ಏನಾದ್ರೂ ಮಾಡ್ಕಂಡ್ರೆ ಅಂತ ಭಯ. ಅವರಪ್ಪಂಗೆ ಗೊತ್ತಾದ್ರೆ ಹೊಡೀತಾರೆ. ಇದು ಆಟನೋ ಜೂಜೋ ನನಗೆ ಗೊತ್ತಾಗ್ತಿಲ್ಲ. ಏನು ಮಾಡ್ಲಿ ಹೇಳ್ರಿ.

ಚಳ್ಳಕೆರೆ ಸ್ಕ್ವಾಡ್

ಅಮ್ಮ, ನಾನು ಡಿಪ್ಲೊಮಾ ಓದ್ತಾ ಇದೀನಿ, ಊರು ಚಳ್ಳಕೆರೆ ಹತ್ರ. ಐದು ವರ್ಷದಿಂದ ಆಡ್ತೀನಿ, ನನಗೆ ಗೊತ್ತಿರಾದು ಹೇಳ್ತೀನಿ. ಅಂಥ ಸಣ್ಣ ಸಣ್ಣ ಮೊತ್ತ ಅಂದ್ರೆ ಬಹುಶಃ ಗೇಮ್ ಒಳಗಿನ ನಾಣ್ಯ. ಬಿಜಿಎಂಐ, ಅಂದ್ರೆ ನಮ್ಮ ದೇಶದ ಪಬ್‌ಜಿ, ಅದರಲ್ಲಿ ಯುಸಿ ಅಂತಾರೆ, ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಡೈಮಂಡ್ ಅಂತಾರೆ. ಅದರಿಂದ ಬಂದೂಕಿಗೆ ಬಣ್ಣ, ಗೊಂಬೆಗೆ ಬಟ್ಟೆ ಸಿಗ್ತೈತೆ. ಆ ಬಣ್ಣ ಹಾಕಂಡ್ರೆ ಗೆಲುವೇನೂ ಬರಲ್ಲ, ಆದ್ರೆ ಹಾಕದೇ ಹೋದ್ರೆ ಗುಂಪಲ್ಲಿ "ನೂಬ್", ಅಂದ್ರೆ ಏನೂ ಬರದೋನು, ಅಂತಾರೆ. ಕ್ಲಾಸಲ್ಲಿ ಹರಿದ ಶೂ ಹಾಕಂಡು ಹೋದಂಗೆ ಆಗ್ತೈತೆ ಅಮ್ಮ, ಅದು ಸಣ್ಣ ನೋವಲ್ಲ.

ಇನ್ನು ಕೆಲವು ಬಟ್ಟೆ ನೇರ ಕೊಳ್ಳಕ್ಕೆ ಬರಲ್ಲ, ಆ ನಾಣ್ಯ ಹಾಕಿ ಸ್ಪಿನ್ ಅನ್ನೋ ಚಕ್ರ ತಿರುಗಿಸ್ಬೇಕು. ಏನು ಬರ್ತೈತೆ ಯಾರಿಗೂ ಗೊತ್ತಿಲ್ಲ. ಇನ್ನೊಂದ್ಸಾರಿ, ಇನ್ನೊಂದ್ಸಾರಿ. ಸೈಬರ್ ಅಣ್ಣ, ನಿಮ್ಮ ಗೆರೆ ಇಲ್ಲಿ ಅಳಿಸಿ ಹೋಗ್ತೈತೆ. ದುಡ್ಡು ವಾಪಸ್ ಗೆಲ್ಲೋ ಹಂಗಿಲ್ಲ, ಅದಕ್ಕೆ ಕಾನೂನಲ್ಲಿ ಜೂಜು ಅಂತ ಬರಲಿಕ್ಕಿಲ್ಲ. ಆದ್ರೆ ತಿರುಗಿಸೋ ಕೈಗೆ ಅನ್ಸೋದು ಓಸಿ ಬರೆಸ್ದಂಗೇ. ನಾನೂ ಒಂದ್ಸಾರಿ ಕಾಲೇಜ್ ಫೀಸಿಂದ 800 ರೂಪಾಯಿ ಹಾಕಿದೀನಿ, ನಮ್ಮವ್ವನ ಹತ್ರ ಒಪ್ಕಂಡು ಅತ್ತಿದೀನಿ.

ಮಿತಿ ಇಲ್ಲ ಅಂತಲ್ಲ. ಸರ್ಕಾರ ತಡೆದಿದ್ದ ಬಿಜಿಎಂಐ 2023ರ ಮೇ ತಿಂಗಳಲ್ಲಿ ವಾಪಸ್ ಬಂದಾಗ 18ರ ಒಳಗಿನೋರಿಗೆ ದಿನಕ್ಕೆ 3 ಗಂಟೆ, ದೊಡ್ಡೋರಿಗೆ 6 ಗಂಟೆ ಅಂತ ಇಟ್ಟಿದ್ರು. ಸಣ್ಣ ಹುಡುಗರಿಗೆ ಅಪ್ಪ ಅಮ್ಮನ ನಂಬರಿಗೆ ಓಟಿಪಿ. ನಮ್ಮೂರ ಹುಡುಗ್ರು ಅಜ್ಜನ ನಂಬರ್ ಕೊಟ್ಟು, ಅಜ್ಜನ ಫೋನೂ ಅವರೇ ಇಟ್ಕಂಡಿದ್ರು.

ಈಗ ಮಾಡ್ಬೇಕಾಗಿದ್ದು. ಪ್ಲೇ ಸ್ಟೋರ್ ತೆಗೆದು ಖರೀದಿ ಇತಿಹಾಸ ನೋಡ್ರಿ, ಯಾವುದಕ್ಕೆ ಎಷ್ಟು ಅಂತ ತಾರೀಖು ಸಮೇತ ಇರ್ತೈತೆ. ಅಲ್ಲೇ ರೀಫಂಡ್ ಕೇಳಕ್ಕೆ ದಾರಿ ಐತೆ, ಬೇಗ ಕೇಳ್ದಷ್ಟು ಒಳ್ಳೇದು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಂಗೆ ಮಾಡ್ರಿ. ಯುಪಿಐ ಪಿನ್ ಬದಲಾಯಿಸ್ರಿ, ಈ ಸಾರಿ ನೀವೇ. ತಾನಾಗೇ ದುಡ್ಡು ಹೋಗೋ ಆಟೋಪೇ ಏನಾರ ಇದ್ರೆ ತೆಗೀರಿ. ಫೋನ್ ಮಾತ್ರ ಕಿತ್ಕಂಡು ಒಡೀಬ್ಯಾಡ್ರಿ.

ಹೊಳಲ್ಕೆರೆ ಮೇಷ್ಟ್ರು

ತಾಯಿ, ಮೂವತ್ತು ವರ್ಷದಿಂದ ಹೈಸ್ಕೂಲ್ ಮಕ್ಕಳ ಜೊತೆ ಇರುವವನು ನಾನು. ನಿಮ್ಮ ಭಯದಿಂದಲೇ ಶುರು ಮಾಡುತ್ತೇನೆ. ರಾತ್ರಿ ಕೇಳಬೇಡಿ, ಬೇರೆಯವರ ಎದುರಿಗೆ ಕೇಳಬೇಡಿ. ಊಟ ಬಡಿಸಿ, ಪಕ್ಕದಲ್ಲಿ ಕೂತು, ಪಾಸ್‌ಬುಕ್ ಮುಂದಿಡಿ. "ಯಾಕೆ ಮಾಡಿದೆ" ಅನ್ನುವ ಬದಲು "ಎಷ್ಟಾಗಿರಬಹುದು, ಇಬ್ಬರೂ ಕೂಡಿ ಲೆಕ್ಕ ಹಾಕೋಣ" ಅನ್ನಿ. ಲೆಕ್ಕಕ್ಕೆ ಕೂತ ಮಗು ಅರ್ಧ ಹಗುರ ಆಗಿರುತ್ತದೆ. ಮಾತು ಬಿಟ್ಟಿದ್ದಾನೆ, ಊಟ ಬಿಟ್ಟಿದ್ದಾನೆ, ಸಾಯುವ ಮಾತಾಡುತ್ತಾನೆ ಅನ್ನಿಸಿದರೆ ಒಂದು ಗಳಿಗೆಯೂ ಕಾಯದೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೊರಗಿನವರು ಮೋಸದಿಂದ ದುಡ್ಡು ತೆಗೆದಿದ್ದಾರೆ ಅಂತ ಗೊತ್ತಾದರೆ ಸೈಬರ್ ವಂಚನೆಯ ಸಹಾಯವಾಣಿ 1930.

ಉಳಿದವರಿಗೂ ಒಂದು ಮಾತು. ಆಡುವ ಎಲ್ಲರೂ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಅಸ್ವಸ್ಥತೆಯನ್ನು ತನ್ನ ರೋಗಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗಂಟೆಯ ಲೆಕ್ಕ ಇಲ್ಲ. ಕೈ ಹಿಡಿತ ತಪ್ಪಿದೆಯೇ, ಬೇರೆಲ್ಲಕ್ಕಿಂತ ಆಟವೇ ಮುಂದಾಗಿದೆಯೇ, ಹಾನಿ ಆಗುತ್ತಿದ್ದರೂ ಬಿಡಲಾಗುತ್ತಿಲ್ಲವೇ ಎಂದು ನೋಡುತ್ತಾರೆ. ಅದೂ ಸಾಮಾನ್ಯವಾಗಿ 12 ತಿಂಗಳು ಮುಂದುವರಿದಿರಬೇಕು. ರಜದಲ್ಲಿ ಐದು ಗಂಟೆ ಆಡಿ ಜೂನ್‌ನಲ್ಲಿ ಪುಸ್ತಕ ಹಿಡಿಯುವ ಹುಡುಗ ಇದರೊಳಗೆ ಬರುವುದಿಲ್ಲ. ನಿಜವಾಗಿ ಬರುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ತಂತ್ರಜ್ಞಾನ ಬಳಕೆಯ ತೊಂದರೆಗಾಗಿಯೇ.

ಗುಂಡಿನ ಆಟ ಆಡಿದವರು ಕೊಲೆಗಾರರಾಗುತ್ತಾರೆ ಎಂಬ ಮಾತನ್ನು ನಾನೂ ಪ್ರಾರ್ಥನೆ ಸಾಲಿನಲ್ಲಿ ನಿಂತು ಹೇಳಿದ್ದೇನೆ. ಈಗ ಹೇಳುವುದಿಲ್ಲ. ಹಿಂಸೆಯ ಅಪರಾಧಕ್ಕೆ ಗೇಮನ್ನು ಕಾರಣವಾಗಿ ತೋರಿಸಲು ಸಾಕಷ್ಟು ಆಧಾರ ಇಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಸ್ಪಷ್ಟಪಡಿಸಿತು. ನನ್ನ ಕ್ಲಾಸಿನಲ್ಲಿ ನಾನು ಕಾಣುವ ಹಾನಿ ಬೇರೆ. ಟಿಕ್‌ಟಾಕ್ ನಿಂತದ್ದು 2020ರ ಜೂನ್ 29ಕ್ಕೆ, ಜುಲೈ ಎರಡನೇ ವಾರದೊಳಗೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಗೇಮಿಗಾದರೂ ಒಂದು ಮ್ಯಾಚು, ಒಂದು ಮುಕ್ತಾಯ ಇದೆ. ಬೆರಳು ಎಳೆದಷ್ಟೂ ಬರುವ ರೀಲಿಗೆ ಅದಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಒಂದು ಪುಟದ ಪಾಠ ಗಟ್ಟಿಯಾಗಿ ಓದಲು ಕೊಟ್ಟರೆ ಮೂರನೇ ಪ್ಯಾರಾಕ್ಕೆ ದನಿ ಕುಸಿಯುತ್ತದೆ. ಓದಲು ಬರುವುದಿಲ್ಲ ಅಂತಲ್ಲ, ಅಲ್ಲಿಯವರೆಗೆ ನಿಲ್ಲಲು ಆಗುವುದಿಲ್ಲ. ಇದು ನನ್ನನ್ನು ರಮ್ಮಿಗಿಂತ ಹೆಚ್ಚು ಕಾಡುತ್ತಿದೆ.

ಗರಡಿ ಮನೆ

ನನ್ನ ಮಾತು ಹಿಂದಕ್ಕೆ ತಗಳ್ಳಂಗಿಲ್ಲ. ಭಟ್ಟಿ ತಮ್ಮನ ಮಾತು ಮಾತ್ರ ಎದಿಗೆ ನಾಟ್ತು. ನಮ್ಮ ಗರಡಿ ಬಾಗಿಲು ಯಾರಿಗೂ ಮುಚ್ಚಿಲ್ಲ ಅಂತ ಹೇಳ್ಕಂತ ಬಂದೀವಿ, ಆದ್ರೆ ಭಟ್ಟಿ ಓಣಿಗೆ ಹೋಗಿ ಒಬ್ಬನ್ನೂ ಕರೆದಿಲ್ಲ. ಹರಿಹರದಕ್ಕ, ಹುಡುಗನ್ನ ಭಾನುವಾರ ಬೆಳಿಗ್ಗೆ ಕಳಸ್ರಿ. ಫೋನ್ ಬಿಟ್ಟು ಬಾ ಅಂತ ಹೇಳಬ್ಯಾಡ್ರಿ, ಸುಮ್ನೆ ಬರಲಿ.

ಲಾ ಓದಿದವಳು

ಚಳ್ಳಕೆರೆ ತಮ್ಮ, ಸ್ಪಿನ್ ಬಗ್ಗೆ ನೀನು ಹೇಳಿದ್ದು ಸರಿ. ಬೆಲ್ಜಿಯಂನಲ್ಲಿ 2018ರಲ್ಲೇ ಅಂಥ, ಒಳಗೇನಿದೆ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನು (ಲೂಟ್ ಬಾಕ್ಸ್) ಜೂಜು ಎಂದು ಪರಿಗಣಿಸಿದರು. ಇಲ್ಲಿನ ಕಾಯ್ದೆ ಗೆದ್ದು ಹಣ ಪಡೆಯುವ ಆಟವನ್ನೇ ಮುಖ್ಯವಾಗಿ ನೋಡುತ್ತದೆ. ಹದಿನಾಲ್ಕು ವರ್ಷದ ಹುಡುಗ ನಿಂತಿರುವುದು ಆ ಸಂದಿಯಲ್ಲಿ.

ಹರಿಹರದ ತಾಯಿ (ಗುರುವಾರ)

ಎಲ್ಲಾರಿಗೂ ಕೈ ಮುಗಿತೀನಿ. ಮೇಷ್ಟ್ರು ಹೇಳ್ದಂಗೆ ಮಧ್ಯಾಹ್ನ ಉಣ್ಣಾಕ ಹಾಕಿ ಪಾಸ್‌ಬುಕ್ ಮುಂದಿಟ್ಟೆ. ಬಹಳ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಅವನೇ ನೋಟ್‌ಬುಕ್ ತಂದು ತಾರೀಖು ಹಾಕಿ ಬರೆದ. 11,340 ರೂಪಾಯಿ. ನಾನು ಲೆಕ್ಕ ಹಾಕಿದ್ದಕ್ಕಿಂತ ಎರಡು ಸಾವಿರ ಜಾಸ್ತಿನೇ ಬರೆದ, ಮುಚ್ಚಿಡಲಿಲ್ಲ. ಅದರಾಗೆ 600 ರೂಪಾಯಿ ಗೆಳೆಯನ ಹುಟ್ಟಿದ ಹಬ್ಬಕ್ಕೆ ಆಟದಲ್ಲೇ ಯಾವುದೋ ಬಟ್ಟೆ ಕೊಡಿಸ್ಯಾನ. ಆ ಗೆಳೆಯ ಎಲ್ಲಿಯವನು ಅಂದ್ರೆ ಕಲಬುರಗಿ ಅಂತೆ, ಇನ್ನೂ ಮುಖ ನೋಡಿಲ್ಲ. ರೀಫಂಡ್ ಕೇಳೀವಿ, ಇಬ್ಬರೂ ಕೂತು. ಪಿನ್ ನಾನೇ ಬದಲಾಯಿಸಿದೆ, ಅವನು ಆ ಕಡೆ ತಿರುಗಿಕೊಂಡು ನಿಂತಿದ್ದ.

ಅವರಪ್ಪಂಗೆ ಇನ್ನೂ ಹೇಳಿಲ್ಲ. ಶನಿವಾರ ಲೋಡ್ ಇಳಿಸಿ ಬರ್ತಾರೆ.

ಕೆಟಿಜೆ ನಗರದ ಸೈಬರ್ ಅಣ್ಣ

ತಾಯಿ, ಶನಿವಾರ ಸಂಜೆ ನಾನು ಹರಿಹರಕ್ಕೆ ಬರುತ್ತೇನೆ. ತಮ್ಮನೂ ಬರುತ್ತೇನೆ ಅಂದಿದ್ದಾನೆ. ಅವನ ವಿಷಯ ಇಲ್ಲಿ ಬರೆದದ್ದನ್ನು ಓದಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ನಿನ್ನೆ ರಾತ್ರಿ ನೀವು ಬರೆದದ್ದನ್ನು ತೋರಿಸಿದೆ. "ಅವರಪ್ಪನ ಹತ್ರ ನಾನು ಮಾತಾಡ್ತೀನಿ, ದುಡ್ಡು ಹೋದ ಮನೆಯಲ್ಲಿ ಹೊಡೆತ ಬಿದ್ರೆ ಏನಾಗ್ತೈತಿ ಅಂತ ನನಗೆ ಗೊತ್ತು" ಅಂದ. ನಿಮ್ಮ ಮನೆಯವರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ತಿಳಿಸಿ, ಅವರು ಸ್ನಾನ ಮಾಡಿ ಉಂಡ ಮೇಲೆ ಬಾಗಿಲು ತಟ್ಟುತ್ತೇವೆ.